ಖಾಲಿ ತೊಟ್ಟಿಲು ತೂಗಿಸಿದವನಿಗೆ

ಕಲಘಟಗಿ
ಸಂತೆಯ ದಿನ, ಮಧ್ಯಾಹ್ನ, ೧೯೭೮

ನಮ್ಮೂರ ವಸ್ತು ಸಂಗ್ರಹಾಲಯದ ಮಾನ್ಯ ಕಾರ್ಯದರ್ಶಿಗಳೂ, ನನ್ನ ಬೆನ್ನಿಗೆ ಹುಟ್ಟಿದವರೂ ಆದ ಈರಬಸಪ್ಪನವರಿಗೆ,

“ತಮ್ಮಾ” ಎಂದು ಬರೆಯಲು ಕೈ ಏಳಲಿಲ್ಲ. ಬಹುವಚನ ನಿನಗೆ ಹಿಡಿಸುತ್ತದೆ ಎಂದು ಗೊತ್ತು, ಅದಕ್ಕೇ ಒಂದು ಸಾಲಿನ ಮಟ್ಟಿಗೆ ಕೊಟ್ಟಿದ್ದೇನೆ. ಇನ್ನು ಮುಂದೆ ನೀನು ಬರೀ ನೀನು.

ಈ ಪತ್ರ ನಿನಗೆ ನಿನ್ನ ಮೇಜಿನ ಮೇಲೆ ಸಿಗುತ್ತದೆ. ಬರೆಯುತ್ತಿರುವುದೂ ಇಲ್ಲಿಯೇ, ಸಂಗ್ರಹಾಲಯದ ನಿನ್ನ ಕುರ್ಚಿಯಲ್ಲಿ ಕುಳಿತು, ನಿನ್ನದೇ ದೌತಿಯ ಮಸಿಯಲ್ಲಿ. ನೀನು ಗ್ರಾಂಟಿನ ಸಭೆಗೆಂದು ಧಾರವಾಡಕ್ಕೆ ಹೋಗಿದ್ದೀಯ. ಸಂಜೆ ಬಸ್ಸಿನಿಂದ ಇಳಿಯುವ ಹೊತ್ತಿಗೆ ಸ್ಟ್ಯಾಂಡಿನಲ್ಲೇ ಮಂದಿ ನಿನ್ನನ್ನು ಹಿಡಿದು ಸುದ್ದಿ ಹೇಳುತ್ತಾರೆ. ಒಬ್ಬ ನಿಮ್ಮಕ್ಕ ಬೀಗ ಒಡೆದಳು ಎನ್ನುತ್ತಾನೆ, ಇನ್ನೊಬ್ಬ ಕಾವಲುಗಾರನಿಗೆ ಹೊಡೆದಳು ಎನ್ನುತ್ತಾನೆ. ಎರಡೂ ಸುಳ್ಳು. ಬಾಗಿಲು ತೆರೆದೇ ಇತ್ತು, ಕಾವಲುಗಾರ ಹೊಳಬಸಪ್ಪ ಆರಾಮಿದ್ದಾನೆ. ಉಳಿದದ್ದನ್ನು ಅವರ ಬಾಯಿಂದ ಕೇಳುವ ಬದಲು ನನ್ನಿಂದ ಓದಿಕೋ. ಮಾತು ಅವ್ವನ ತೊಟ್ಟಿಲಿನದು.

ಮೊದಲೇ ಒಂದು ಬಾಬತ್ತು ಚುಕ್ತಾ ಮಾಡಿಬಿಡುತ್ತೇನೆ. ಸಂಗ್ರಹಾಲಯದ ಮೇಲೆ ನನಗೆ ಸಿಟ್ಟಿಲ್ಲ. ಇಲ್ಲಿರುವ ಅರ್ಧ ಸಾಮಾನು ಬಂದದ್ದೇ ನನ್ನ ಬಾಯಿಯ ಬಲದಿಂದ. ಗಂಡ ತೀರಿಕೊಂಡ ಮೇಲೆ ತಲೆಯ ಮೇಲೆ ಸ್ಟೀಲ್ ಭಾಂಡೆಯ ಬುಟ್ಟಿ ಹೊತ್ತು, ಹಳೇ ಅರಿವೆ, ಹಳೇ ಹಿತ್ತಾಳೆ ತಗೊಂಡು ಹೊಸ ಸ್ಟೀಲು ಕೊಡುತ್ತ ನಾನು ಬಮ್ಮಿಗಟ್ಟಿ, ದುಮ್ಮವಾಡ ಎಂದು ತಿರುಗುವಾಗ ನೀನು ಹೈಸ್ಕೂಲಿನ ಗುಮಾಸ್ತ. ನನ್ನ ಕೂಗು ಕೇಳಿದ ಕೂಡಲೇ ಬಾಜೂ ಓಣಿಗೆ ಸರಿಯುತ್ತಿದ್ದೆ. ನನಗೆ ಗೊತ್ತಾಗಲಿಲ್ಲ ಅಂದುಕೊಂಡಿದ್ದೆಯಾ? ಬುಟ್ಟಿ ಹೊತ್ತವಳಿಗೆ ಕತ್ತು ತಿರುಗಿಸಲು ಬರುವುದಿಲ್ಲ ನಿಜ, ಕಣ್ಣನ್ನು ಯಾರೂ ಕಟ್ಟಿರುವುದಿಲ್ಲ. ಆಮೇಲೆ ಬಸ್‌ಸ್ಟ್ಯಾಂಡಿನ ಎದುರು ಅಂಗಡಿ ಹಾಕಿದೆ, ಬೋರ್ಡಿನ ಮೇಲೆ ‘ರೇವವ್ವ ಭಾಂಡೆ ಅಂಗಡಿ’ ಎಂದು ಬರೆಸಿದೆ. ಅವತ್ತಿನಿಂದ ನಿನಗೆ ಅಕ್ಕ ಮತ್ತೆ ಕಾಣಿಸತೊಡಗಿದಳು. ಇರಲಿ, ಆ ಹಳೇ ಬಾಕಿ ನಾನು ಎಂದೂ ಕೇಳಿಲ್ಲ.

ಸಂಗ್ರಹಾಲಯದ ಹುಚ್ಚು ಹಿಡಿದಾಗ ನೀನು ಅಂಗಡಿಯ ಕಟ್ಟೆಗೆ ಬಂದು ಕೂತೆ. “ಅಕ್ಕಾ, ಯಾರ ಮನ್ಯಾಗ ಏನೈತಿ ಅನ್ನೂದು ನಿನಗ ಗೊತ್ತಿದ್ದಂಗ ತಲಾಟಿಗೂ ಗೊತ್ತಿಲ್ಲ. ಒಂದ್ ಮಾತು ಹೇಳಿಕೊಡು” ಎಂದೆ. ಹೇಳಿಕೊಟ್ಟೆ. ಬರೀ ಮನೆ ತೋರಿಸಲಿಲ್ಲ, ನಿನ್ನ ಮುಂದೆ ನಡೆದು ಒಳಗೆ ಹೋಗಿ ಮಾತಾಡಿದೆ. ಅಟ್ಟದ ಮೇಲಿನ ಕಂಚಿನ ದೀಪದ ಸಮೆ, ಬೀಸುವ ಕಲ್ಲು, ಎತ್ತಿನ ಕೊರಳ ಗೆಜ್ಜೆ ಕೆಳಗಿಳಿಸಿ ಕೊಟ್ಟ ಪ್ರತಿ ಹೆಂಗಸಿಗೂ ಒಂದೇ ಮಾತು ಹೇಳಿದೆ: “ಕೊಟ್ಟದ್ದು ಹೋಗಂಗಿಲ್ಲವಾ, ನಿಮ್ಮ ಹೆಸರಿನ ಮ್ಯಾಲ ಅಲ್ಲಿ ಕುಂದರತೈತಿ. ಮನಸ್ಸು ಬಂದಾಗ ಬರ್ರಿ, ನೋಡ್ರಿ, ಮುಟ್ಟರಿ.” ಮುಟ್ಟರಿ ಎಂದದ್ದು ನನ್ನ ಮಾತು. ‘ಮುಟ್ಟಬಾರದು’ ಎಂದು ಕೆಂಪಕ್ಷರದಲ್ಲಿ ಬರೆಸಿ ಮೂಲೆ ಮೂಲೆಗೆ ಹಚ್ಚಿದ್ದು ನೀನು.

ನಿನ್ನ ಕಡೆ ಜಮಾ ಏನೂ ಇಲ್ಲ ಎಂದು ನಾನು ಹೇಳುವುದಿಲ್ಲ. ಬೇಡ್ತಿ ಹಳ್ಳದ ಹಳೇ ದೋಣಿಯನ್ನು ಒಡೆದು ಗಾಣದ ಒಲೆಗೆ ಹಾಕಲು ಹೊರಟವರ ಮುಂದೆ ನೀನು ಒಬ್ಬನೇ ಅಡ್ಡ ನಿಂತೆ. “ಮೊದಲ ನನ್ನ ಹಾಕ್ರಿ ಒಲಿಗೆ” ಎಂದೆಯಂತೆ. ಮಂದಿ ನಕ್ಕರು, ದೋಣಿ ಉಳಿಯಿತು. ಅದನ್ನು ಇಲ್ಲಿ ಪಡಸಾಲೆಯಲ್ಲಿ ನೋಡಿದಾಗಲೆಲ್ಲ, ಇವನೊಳಗೆ ಒಬ್ಬ ಮನುಷ್ಯ ಇದ್ದಾನೆ ಎಂದು ನನಗೆ ಅನಿಸುತ್ತಿತ್ತು. ಅದಕ್ಕೇ ಈ ಸಿಟ್ಟು ಇಷ್ಟು ದೊಡ್ಡದಾಗಿದೆ. ಅಗದಿ ದಡ್ಡನ ಮೇಲೆ ಯಾರೂ ಇಷ್ಟು ಮಸಿ ಖರ್ಚು ಮಾಡುವುದಿಲ್ಲ.

ಈಗ ತೊಟ್ಟಿಲು. ಬೋರ್ಡಿನ ಮೇಲೆ ನೀನು ‘ನಮ್ಮ ಮನೆತನದ ತೊಟ್ಟಿಲು, ಕೊಡುಗೆ ಈರಬಸಪ್ಪ’ ಎಂದು ಬರೆಸಿದ್ದೀಯ. ಅವ್ವನ ಹೆಸರು ಕೆಳಗೆ, ಇರುವೆ ಸಾಲಿನ ಹಾಗೆ. ಆ ತೊಟ್ಟಿಲು ನಮ್ಮ ಮನೆಯಲ್ಲಿ ಕೂತದ್ದು ಯಾವಾಗ, ನೀನೇ ಹೇಳು. ಅವ್ವ ಹುಟ್ಟಿದಾಗ ಅವಳಪ್ಪ ಇದೇ ಊರಿನ ಬಣ್ಣದವರಿಂದ ಮಾಡಿಸಿದ್ದು. ಅರಗಿನ ಬಣ್ಣ, ಕೇದಗೆ ಗರಿಯಿಂದ ಉಜ್ಜಿ ತಂದ ಹೊಳಪು, ಒಂದು ಬದಿಗೆ ಗಿಳಿ, ಒಂದು ಬದಿಗೆ ಬೆಣ್ಣೆ ಕದಿಯುವ ಕೃಷ್ಣ. ಅದೆಲ್ಲ ನಿನ್ನ ಬೋರ್ಡಿನ ಮೇಲೆ ಬಂದಿದೆ. ಬರದೇ ಇದ್ದದ್ದು ಅದರ ಕೆಲಸ. ನಾನೂ ನೀನೂ ಇಳಿದ ಮೇಲೆ ಅದು ಓಣಿಯ ತೊಟ್ಟಿಲಾಯಿತು. ಬಸುರಿಗೆ ಉಡಿ ತುಂಬಿ ಕುಬಸ ಮಾಡಿದ ದಿನ ಆ ಮನೆಯ ಹಿರಿಯಳು ಅವ್ವನ ಹತ್ತಿರ ಬಂದು ಹೇಳಿಟ್ಟು ಹೋಗುತ್ತಿದ್ದಳು. ಕೂಸು ಹುಟ್ಟಿದ ಮೇಲೆ ಹಿಂದಿನ ಮನೆಯವರೇ ಅದನ್ನು ಹೊತ್ತು ಮುಂದಿನ ಮನೆಗೆ ಮುಟ್ಟಿಸಬೇಕು. ಯಾರೂ ಕೇಳಿರದಿದ್ದಾಗ ಮಾತ್ರ ಅದು ನಮ್ಮ ಜಂತಿಗೆ. ಆಗಲೂ ಖಾಲಿ ಬಿಡುವ ಹಾಗಿರಲಿಲ್ಲ. ಅವ್ವ ಒಂದು ಗುಂಡಕಲ್ಲಿಗೆ ತನ್ನ ಹಳೇ ಸೀರೆಯ ತುಂಡು ಸುತ್ತಿ, ಕೂಸಿನಂತೆ ಒಳಗೆ ಮಲಗಿಸುತ್ತಿದ್ದಳು. ಚಿಕ್ಕವನಿದ್ದಾಗ ನೀನು ಆ ಕಲ್ಲು ತೆಗೆದಿಟ್ಟು ಹಗ್ಗ ಜಗ್ಗಿ ಆಡಿದ್ದಕ್ಕೆ ಬೆನ್ನ ಮೇಲೆ ಹೇಗೆ ಬಿದ್ದಿತ್ತು! “ಖಾಲಿ ತೊಟ್ಟಲಾ ತೂಗತಾರೇನ್ಲೇ ಮೂಳಾ? ಯಾರದರ ಕೂಸಿಗೆ ಬಡೀತೈತಿ ಅದು!” ಎಂದು ಅವ್ವ ಹೊಡೆದು, ತಾನೇ ಅತ್ತಳು. ನೀನು ಹೊಡೆತ ಮರೆತಿರಬಹುದು. ಅವ್ವ ಅತ್ತದ್ದನ್ನು ಮರೆಯಲು ಬರುವುದಿಲ್ಲ.

ನೀನು ಇಳಿದ ತೊಟ್ಟಿಲಿಗೆ ಏರಿದವನು ಯಾರು? ಹಿಂದಿನ ಮನೆಯ ಅಮೀರಬಿಯ ಮಗ ಮಶಾಕಸಾಬ. ಇವತ್ತು ಪೇಟೆಯಲ್ಲಿ ಕೈಗಾಡಿ ಎಳೆದು ದುಡಿಯುವವನು. ನಿನ್ನ ಮೈಯ ಬಿಸಿ ಆರುವ ಮೊದಲೇ ಅವನು ಅದರೊಳಗೆ ಮಲಗಿದ್ದ. ಅದೇ ಮಶಾಕಸಾಬನ ಹೆಂಡತಿ ರೇಷ್ಮಾಬಿ. ಮೊದಲನೆಯದು ಹೊಟ್ಟೆಯಲ್ಲೇ ಹೋಯಿತು, ಎರಡನೆಯದು ಉಸಿರು ತೆಗೆದು ಸಂಜೆಗೆ ಹೋಯಿತು. ಅವ್ವ ಹಾಸಿಗೆ ಹಿಡಿದಾಗ ದಿನಾ ಬಂದು ಕಾಲು ಒತ್ತುತ್ತಿದ್ದವಳು ಈ ಹುಡುಗಿ. ಆಗ ಅವಳು ಮತ್ತೆ ಬಸುರಿ. ಅವ್ವ ಅವಳ ಕೈ ಹಿಡಿದು, “ಹೆದರಬ್ಯಾಡವಾ ನನ ಮಗಳ. ಈ ಕೂಸು ನನ್ನ ತೊಟ್ಟಲದಾಗ ಮಲಗತೈತಿ. ನಾ ಇರ್ಲಿ, ಬಿಡ್ಲಿ” ಎಂದಳು. ಆಗ ನೀರಿನ ತಂಬಿಗೆ ಹಿಡಿದು ಬಾಜೂ ನಿಂತವನು ನೀನು. ಕೇಳಿಸಲಿಲ್ಲ ಎನ್ನಬೇಡ. “ಆತು ಬೇ, ಕೊಡೂಣು” ಎಂದೂ ಅಂದೆ.

ಅವ್ವ ಹೋದಳು. ಅವಳ ದಿನಕರ್ಮ ಮುಗಿದ ಮಾರನೇ ದಿನ ನೀನು ಎತ್ತಿನ ಗಾಡಿಯಲ್ಲಿ ತೊಟ್ಟಿಲು ಹೇರಿಕೊಂಡು ಹೋದೆ. ನನಗೆ ಗೊತ್ತಾದದ್ದು ನನ್ನ ಅಂಗಡಿಗೆ ಬಂದ ಗಿರಾಕಿಯಿಂದ. ಬಂದು ನೋಡಿದೆ. ನೀನು ತೊಟ್ಟಿಲಿನ ಅಂಚಿಗೆ ಪುಟ್ಟಿ ತುಂಬಿಸಿ ಮೇಲೆ ಆಯಿಲ್ ಪೇಂಟ್ ಹೊಡೆಸಿದ್ದೆ. ಅಲ್ಲಿ ಏನಿತ್ತು, ನಿನಗೆ ಗೊತ್ತೇನು? ಹಲ್ಲು ಬರುವಾಗ ಕೂಸುಗಳು ಕಚ್ಚಿದ ಗುರುತು. ಓಣಿಯ ತಾಯಂದಿರು ಬಂದಾಗ ಅಂಚಿನ ಮೇಲೆ ಬೆರಳಾಡಿಸಿ, “ಇದು ನಮ್ಮಾಂವಂದು, ಇದು ನಮ್ಮಾಕಿದು” ಎಂದು ನಗುತ್ತಿದ್ದರು. ಈ ಊರಿನ ಇತಿಹಾಸ ಇಡಲು ಕಟ್ಟಿದ ಮನೆಯಲ್ಲಿ ನೀನು ಮೊದಲು ಮಾಡಿದ ಕೆಲಸ ಅದನ್ನು ಪುಟ್ಟಿ ಹಾಕಿ ಮುಚ್ಚಿದ್ದು. ಮತ್ತೆ ಆ ಗುಂಡಕಲ್ಲು? ಹುಡುಕಿದೆ. ಆಚೆಯ ಕೋಣೆಯಲ್ಲಿ ಒರಳು, ಒನಕೆ, ಕಡಗೋಲಿನ ಸಾಲಿನಲ್ಲಿ ಸಿಕ್ಕಿತು. ನೀನು ಸೀರೆ ಬಿಚ್ಚಿ, ಬತ್ತಲೆ ಮಾಡಿ, ‘ಮಸಾಲೆ ಅರೆಯುವ ಕಲ್ಲು, ಅಡುಗೆಮನೆ ವಿಭಾಗ’ ಎಂದು ಚೀಟಿ ಅಂಟಿಸಿದ್ದೆ. ನನಗೆ ನಗು ಬಂತು, ಸುಳ್ಳು ಹೇಳುವುದಿಲ್ಲ. ಇಷ್ಟು ವರ್ಷ ಯಾರೂ ಮಸಾಲೆ ಅರೆಯದ ಕಲ್ಲು ಅದು. ನಕ್ಕು ಮುಗಿದ ಮೇಲೆ ತಿರುಗಿ ತೊಟ್ಟಿಲ ಹತ್ತಿರ ಬಂದು ನೋಡಿದೆ. ಕಲ್ಲು ಅಲ್ಲಿದ್ದರೆ ತೊಟ್ಟಿಲು ಇಲ್ಲಿ ಖಾಲಿ.

ಆವತ್ತೇ ನಿನಗೆ ಹೇಳಿದೆ. ನೀನು ಕನ್ನಡಕ ಏರಿಸಿಕೊಂಡು, “ಅಕ್ಕಾ, ವಿಭಾಗ ಅಂತ ಇರತಾವ. ಕಲ್ಲ ತಂದು ತೊಟ್ಟಲದಾಗ ಇಟ್ಟರ ನೋಡಿದ ಮಂದಿ ನನ್ನ ಹುಚ್ಚ ಅಂತಾರ” ಎಂದೆ. ಊರಿಗೆಲ್ಲ ಗೊತ್ತಿದ್ದದ್ದನ್ನು ಊರಿನವರೇ ನೋಡಿದರೆ ಹುಚ್ಚು ಎನ್ನುತ್ತಾರೆ ಎಂದು ಹೆದರುವ ಮನುಷ್ಯ ಯಾರಿಗಾಗಿ ಸಂಗ್ರಹಾಲಯ ಕಟ್ಟಿದ್ದಾನೋ, ನನಗಂತೂ ಲೆಕ್ಕ ಹತ್ತಲಿಲ್ಲ.

ಉದ್ಘಾಟನೆಯ ದಿನ ಬಂತು. ಪೆಂಡಾಲು, ಮೈಕು, ಧಾರವಾಡದಿಂದ ಬಂದ ಸಾಹೇಬರಿಗೆ ಗಂಧದ ಹಾರ. ಹೋದ ವರ್ಷದವರೆಗೆ ಕುಟುಂಬ ಯೋಜನೆಯ ಆಪರೇಶನ್ ಕ್ಯಾಂಪು ನಡೆಯುತ್ತಿದ್ದ ಕಟ್ಟಡ ಇದು. ನೀನು ಎಷ್ಟು ಸುಣ್ಣ ಬಳಿಸಿದರೂ ಗೋಡೆಯ ಮೇಲಿನ ಕೆಂಪು ತ್ರಿಕೋನ ಇಣುಕುತ್ತಲೇ ಇದೆ. ಅದರ ಕೆಳಗೇ ತೊಟ್ಟಿಲು ತೂಗು ಹಾಕಿದ್ದೆ! ಅಷ್ಟಕ್ಕೇ ಬಿಟ್ಟಿದ್ದರೆ ನಾವೆಲ್ಲ ಸೆರಗು ಬಾಯಿಗೆ ಹಿಡಿದು ನಕ್ಕು ಮನೆಗೆ ಹೋಗುತ್ತಿದ್ದೆವು. ಆದರೆ ನಿನಗೆ ಹೊಸ ವಿಚಾರ ಹೊಳೆದಿತ್ತು. ಮೈಕಿನ ಮುಂದೆ ನಿಂತು, “ರಿಬ್ಬನ್ ಕತ್ತರಿಸುವುದು ಪರದೇಶದ ಪದ್ಧತಿ. ನಮ್ಮ ಸಂಸ್ಕೃತಿಗೆ ತಕ್ಕಂತೆ ಸಾಹೇಬರು ತೊಟ್ಟಿಲು ತೂಗಿ ಉದ್ಘಾಟಿಸುತ್ತಾರೆ” ಎಂದೆ. ಹಗ್ಗ ನೀನೇ ಅವರ ಕೈಗೆ ಕೊಟ್ಟೆ. ಅವರು ಪಾಪ, ಏನು ಗೊತ್ತು, ತೂಗಿದರು. ಫೋಟೋದವನು, “ಇನ್ನೊಮ್ಮಿ ಸಾಹೇಬ್ರ, ಸ್ವಲ್ಪ ನಗ್ರಿ” ಎಂದ. ಮತ್ತೆ ತೂಗಿದರು. ನಿನ್ನ ಮುಖ ಬರಲಿಲ್ಲವೆಂದು ಮತ್ತೊಮ್ಮೆ. ಖಾಲಿ ತೊಟ್ಟಿಲು ಹೋಗುತ್ತದೆ, ಬರುತ್ತದೆ. ಗಂಡಸರ ಕಡೆ ಚಪ್ಪಾಳೆ. ಹೆಂಗಸರ ಕಡೆ ಒಬ್ಬರ ಬಳೆಯೂ ಸಪ್ಪಳ ಮಾಡಲಿಲ್ಲ. ಅದನ್ನು ನೀನು ಭಕ್ತಿ ಎಂದು ತಿಳಿದಿರಬೇಕು.

ರೇಷ್ಮಾಬಿ ಅಲ್ಲಿಯೇ ಇದ್ದಳು. ಅವ್ವ ಮಾತು ಕೊಟ್ಟ ತೊಟ್ಟಿಲನ್ನು ಒಮ್ಮೆ ನೋಡಿಬರುತ್ತೇನೆ ಎಂದು ಅತ್ತೆಯ ಜೊತೆ ಬಂದಿದ್ದಳು, ತುಂಬಿದ ಹೊಟ್ಟೆ ಹೊತ್ತು. ಎರಡೂ ಕೈ ಹೊಟ್ಟೆಯ ಮೇಲೆ ಇಟ್ಟುಕೊಂಡು, ತೂಗುವ ಹಗ್ಗವನ್ನೇ ನೋಡುತ್ತ ನಿಂತ ಜಾಗದಲ್ಲಿ ಕೂತುಬಿಟ್ಟಳು. ಅಮೀರಬಿ ಅವಳನ್ನು ಎಬ್ಬಿಸಿಕೊಂಡು ಹೋಗುವಾಗ ನೀನು ಪೇಡೆ ಹಂಚುತ್ತಿದ್ದೆ.

ಕೂಸು ಹುಟ್ಟಿತು. ಗಂಡು, ಗಟ್ಟಿಮುಟ್ಟಾಗಿದೆ. ದವಾಖಾನೆಯ ಡಾಕ್ಟರು ಚಲೋ ಇದೆ ಎಂದರು. ಆದರೆ ರೇಷ್ಮಾಬಿ ಅದನ್ನು ನೆಲಕ್ಕೆ ಇಳಿಸಲಿಲ್ಲ. ಹಾಸಿಗೆಗೆ ಇಲ್ಲ, ಜೋಳಿಗೆಗೆ ಇಲ್ಲ, ಅತ್ತೆಯ ಕೈಗೂ ಇಲ್ಲ. ತೊಡೆಯ ಮೇಲೆ ಇಟ್ಟುಕೊಂಡೇ ಉಣ್ಣುತ್ತಿದ್ದಳು, ಗೋಡೆಗೆ ಒರಗಿ ಕಣ್ಣು ತೆರೆದೇ ಇರುತ್ತಿದ್ದಳು. ನಾನು ಹೋಗಿ ಬೈದೆ, ನಗಿಸಿದೆ, ಸ್ಟೀಲಿನ ಗಿಲಕಿ ಕೊಟ್ಟೆ, ನನಗೆ ಬಂದ ಮಾತೆಲ್ಲ ಆಡಿದೆ. ಅವಳದು ಒಂದೇ ಮಾತು: “ರೇವವ್ವಾರ, ಖಾಲಿ ತೂಗ್ಯಾರ್ರಿ. ಅದು ಖಾಲಿನ ಐತ್ರಿ ಇನ್ನೂ. ನಾ ಕೆಳಗ ಇಟ್ಟರ ಇದನ್ನ ಕೇಳತೈತ್ರಿ.” ಕೂಸಿನ ಬೆನ್ನಿಗೆ ಬೆವರುಸಾಲೆ ಎದ್ದಿತ್ತು. ಅವಳ ಎಡಗೈ ಸೆಟೆದು ಮಡಚಲು ಬರುತ್ತಿರಲಿಲ್ಲ. ಮೊನ್ನೆ ಡಾಕ್ಟರು ಮಶಾಕಸಾಬನನ್ನು ಹೊರಗೆ ಕರೆದು, ಕೂಸಿಗೆ ಏನೂ ಆಗುವುದಿಲ್ಲ, ಹೀಗೇ ನಿದ್ದೆಗೆಟ್ಟರೆ ತಾಯಿ ಉಳಿಯುವುದಿಲ್ಲ ಎಂದರಂತೆ.

ನಾನು ಅಂಥದ್ದನ್ನೆಲ್ಲ ನಂಬುವವಳಲ್ಲ. ಶುಕ್ರವಾರ ಹಿತ್ತಾಳೆ ಮಾರಬಾರದು ಎನ್ನುವವರಿಗೆ ಶುಕ್ರವಾರವೇ ಹೋಗಿ ಸ್ಟೀಲು ಕೊಟ್ಟು ಬಂದವಳು. ಆದರೆ ಗಿರಾಕಿ ಯಾವುದಕ್ಕೆ ಬೆಲೆ ಕಟ್ಟಿದ್ದಾನೆ ಎಂಬುದನ್ನು ನೋಡಿ ವ್ಯಾಪಾರ ಮಾಡಬೇಕು, ನನ್ನ ಕಣ್ಣಿಗೆ ಅದರ ಬೆಲೆ ಎಷ್ಟು ಎಂದಲ್ಲ. ಆ ಹುಡುಗಿ ಆ ತೊಟ್ಟಿಲಿಗೆ ತನ್ನ ಜೀವದ ಬೆಲೆ ಕಟ್ಟಿದ್ದಳು. ಔಷಧ ಎಂದರೆ ಅದೊಂದೇ. ಅದೇ ತೊಟ್ಟಿಲು ತುಂಬಬೇಕು, ಅವಳ ಕೂಸಿನಿಂದಲೇ ತುಂಬಬೇಕು, ಅವಳ ಕಣ್ಣ ಮುಂದೆ.

ಅದಕ್ಕೇ ಹೋದ ವಾರ ನಿನ್ನ ಹತ್ತಿರ ಬಂದೆ. ಕೇಳಲು ಬಂದೆ, ಜಗಳಕ್ಕಲ್ಲ. ಅಮೀರಬಿಯನ್ನೂ ಕರೆದುಕೊಂಡು ಬಂದಿದ್ದೆ. ಒಳಗೆ ಬಾ ಎಂದರೂ ಆಕೆ ಬಾಗಿಲ ಹೊರಗೇ ನಿಂತಳು, ಅದು ನಿನಗೆ ಕಾಣಲಿಲ್ಲ. “ಅಕ್ಕಾ, ಅದು ಈಗ ಸಾರ್ವಜನಿಕರ ಸೊತ್ತು” ಎಂದೆ. “ಹಂಗಾರ ರೇಷ್ಮಾಬಿ ಸಾರ್ವಜನಿಕರೊಳಗ ಬರಂಗಿಲ್ಲೇನು?” ಎಂದು ಕೇಳಿದೆ. ಸಮಿತಿಯ ಠರಾವು ಬೇಕು ಎಂದೆ ನೀನು. ಠರಾವು ಆಗುವ ಹೊತ್ತಿಗೆ ಕೂಸು ಸಾಲೆಗೆ ಹೋಗುತ್ತದೆ ಎಂದೆ ನಾನು. ಇಲ್ಲಿಯವರೆಗೆ ನಿನ್ನ ಮಾತು ಬರೀ ಗುಮಾಸ್ತನ ಮಾತು, ಅದನ್ನು ನಾನು ನುಂಗಿಕೊಳ್ಳುತ್ತಿದ್ದೆ. ಆಮೇಲೆ ನೀನು ದನಿ ಇಳಿಸಿ, ಮೇಜಿನ ಮೇಲೆ ಬಾಗಿ ಹೇಳಿದೆ: “ಕಮಿಟಿಯೊಳಗ ಎಂಥೆಂಥಾ ಮಂದಿ ಅದಾರ ನಿನಗ ಗೊತ್ತಿಲ್ಲ. ಮನೆತನದ ತೊಟ್ಟಲಾ ಆ ಮನಿಗೆ ಕೊಟ್ಟಿ ಅಂದರ ನಾ ಏನ್ ಹೇಳ್ಲಿ?”

ಆ ಮನಿ.

ಈರಬಸಪ್ಪಾ, ನೀನು ಮೈಕಿನಲ್ಲಿ ಆಡಿದ ಮಾತು ಒಂದೂ ನನಗೆ ನೆನಪಿಲ್ಲ. ದನಿ ಇಳಿಸಿ ಆಡಿದ ಈ ಎರಡು ಶಬ್ದ ಹೋಗುತ್ತಿಲ್ಲ. ಅವ್ವ ಬಾವಿಗೆ ಜಾರಿ ಬಿದ್ದು ಕಾಲು ಮುರಿದಾಗ ನಿನಗೆ ಉಣ್ಣಲಿಕ್ಕೆ ಹಾಕಿ, ತಲೆ ಬಾಚಿ ಸಾಲೆಗೆ ಕಳಿಸಿದ್ದು ಆ ಮನಿ. ನಿನಗೆ ನೌಕರಿ ಸಿಕ್ಕಾಗ ನಮಗಿಂತ ಮೊದಲು ಸಕ್ಕರೆ ಹಂಚಿದ್ದು ಆ ಮನಿ. ಅಮೀರಬಿ ಕೇಳಿಸಿಕೊಂಡಳು. ನಾನು ಹೊರಗೆ ಬಂದಾಗ ಸೆರಗಿನ ತುದಿ ಸರಿಮಾಡಿಕೊಳ್ಳುತ್ತ ನಿಂತಿದ್ದಳು. ದಾರಿಯಲ್ಲಿ ನಾನು ನಿನಗೆ ಬಾಯಿಗೆ ಬಂದಂತೆ ಬೈಯುತ್ತಿದ್ದರೆ ಆಕೆ ಏನೆಂದಳು ಗೊತ್ತೇ? “ಬೈಬ್ಯಾಡ ರೇವವ್ವಾ. ಹುಡುಗ ಹೆದರ್ಯಾನ. ಸಣ್ಣಾಂವ ಇದ್ದಾಗೂ ಹಂಗ, ಮಂದಿ ಜಾಸ್ತಿ ಇದ್ದರ ಹೆದರತಿದ್ದ.” ನೀನು ಅವಳನ್ನು ‘ಆ ಮನಿ’ ಮಾಡಿದೆ. ಆಕೆ ನಿನ್ನನ್ನು ಇನ್ನೂ ‘ಹುಡುಗ’ ಎಂದೇ ಇಟ್ಟುಕೊಂಡಿದ್ದಾಳೆ. ಈಗ ನಿನ್ನ ಮುಂದಿನ ಮಾತುಗಳನ್ನೆಲ್ಲ ಇದರ ಎದುರಿಗೆ ಇಟ್ಟು ತೂಗಿಕೋ.

ಇವತ್ತಿನದು ಹೇಳಿಬಿಡುತ್ತೇನೆ.

ಸಂತೆಯ ದಿನ ಹಳ್ಳಿ ಮಂದಿ ನೋಡಲೆಂದು ಸಂಗ್ರಹಾಲಯ ತೆರೆದಿಡಬೇಕು ಎಂದು ನೀನೇ ನೇಮ ಮಾಡಿದ್ದು. ನೀನು ಧಾರವಾಡದ ಬಸ್ಸು ಹತ್ತಿದ್ದನ್ನು ನನ್ನ ಅಂಗಡಿಯಿಂದ ನೋಡಿದೆ, ಬಾಗಿಲು ಎಳೆದು ಅಮೀರಬಿಯ ಮನೆಗೆ ಹೋದೆ. ರೇಷ್ಮಾಬಿಗೆ, “ಏಳವಾ, ತೊಟ್ಟಲಾ ನಮ್ಮ ಕಡೆ ಬರಂಗಿಲ್ಲಂತ. ನಾವ ಹೋಗೂಣು” ಎಂದೆ. ಬರುತ್ತಾಳೋ ಇಲ್ಲವೋ ಎಂಬ ಅಂಜಿಕೆ ಇತ್ತು. ಕೂಸನ್ನು ಸೆರಗಿನೊಳಗೆ ಮುಚ್ಚಿಕೊಂಡು, ಚಪ್ಪಲಿ ಮೆಟ್ಟದೇ ನನ್ನ ಹಿಂದೆ ಹೊರಟಳು, ಅವಳ ಹಿಂದೆ ಅಮೀರಬಿ.

ಹೊಳಬಸಪ್ಪ ಬಾಗಿಲಲ್ಲಿ ಎದ್ದು ನಿಂತ. “ಅಕ್ಕಾರ, ಸಾಹೇಬ್ರ ಇಲ್ರಿ” ಎಂದ. “ಗೊತ್ತೈತಿ, ಅದಕ್ಕ ಬಂದೇನಿ” ಎಂದೆ. ನಮ್ಮನ್ನು, ಸೆರಗಿನೊಳಗಿನ ಗಂಟನ್ನು ನೋಡಿದ ಕೂಡಲೇ ಅವನಿಗೆ ತಿಳಿಯಿತು. “ತೊಟ್ಟಲದ ಸುತ್ತ ಕಟ್ಟಿದ ಹಗ್ಗಾ ದಾಟಂಗಿಲ್ರಿ. ಮುಟ್ಟಬಾರದು ಅಂತ ಬೋರ್ಡ ಹಚ್ಯಾರ್ರಿ” ಎಂದ, ಆದರೆ ಅದು ನಿನ್ನ ಸಂಬಳದ ಮಾತು ಎಂದು ಅವನ ಮುಖವೇ ಹೇಳುತ್ತಿತ್ತು. “ಕೂಸಿಗೆ ಓದಾಕ ಬರಂಗಿಲ್ಲೋ ಹೊಳಬಸಪ್ಪಾ” ಎಂದೆ. ನಗು ತಡೆಯಲಾಗದೆ ಗೋಡೆಯ ಕಡೆ ತಿರುಗಿದ. “ನಾ ಚಹಾ ಕುಡದ ಬರ್ತೀನ್ರಿ. ನಾ ಇಲ್ಲದಾಗ ಆದದ್ದು ನನಗ ಗೊತ್ತಿರಂಗಿಲ್ಲ” ಎಂದು ಹೊರಟ. ಚಹಾ ನನ್ನ ಲೆಕ್ಕದ್ದು. ಅವನ ಮೇಲೆ ಕೈ ಎತ್ತಬೇಡ. ಎತ್ತಿದರೆ ನಿನ್ನ ಸಮಿತಿಯವರ ಮನೆಯ ಹೆಂಗಸರೆಲ್ಲ ನನ್ನ ಗಿರಾಕಿಗಳು ಎಂಬುದನ್ನು ನೆನಪಿಟ್ಟುಕೋ.

ಅಡುಗೆಮನೆ ವಿಭಾಗದಿಂದ ನಾನು ಕಲ್ಲು ತಂದೆ, ನಿನ್ನ ಚೀಟಿ ಕಿತ್ತೆ. ಅಮೀರಬಿ ತನ್ನ ಓಢಣಿಯ ಅಂಚಿನಿಂದ ಅದನ್ನು ಒರೆಸಿ ಮೊದಲು ತೊಟ್ಟಿಲಲ್ಲಿ ಮಲಗಿಸಿದಳು, ಆಮೇಲೆ ಎತ್ತಿದಳು. ಇನ್ನು ಕೂಸು. ರೇಷ್ಮಾಬಿ ತೊಟ್ಟಿಲ ಹತ್ತಿರ ನಿಂತಳು. ಕೈ ಬಿಡಲಿಲ್ಲ. ಮನಸ್ಸಿಲ್ಲದೆ ಅಲ್ಲ, ಕೈಗಳೇ ತೆರೆಯಲಿಲ್ಲ. ಅಷ್ಟೊತ್ತಿಗೆ ಸಂತೆಗೆ ಬಂದ ದುಮ್ಮವಾಡದ ಹೆಣ್ಣುಮಕ್ಕಳ ಗುಂಪು ಬುಟ್ಟಿ ಹೊತ್ತುಕೊಂಡೇ ಒಳಗೆ ಬಂತು. ಒಬ್ಬರಿಗೂ ಏನೂ ಹೇಳಬೇಕಾಗಲಿಲ್ಲ. ಖಾಲಿ ತೊಟ್ಟಿಲು, ಎದೆಗೆ ಕೂಸು ಅವಚಿಕೊಂಡ ತಾಯಿ. ಎಲ್ಲರೂ ಬುಟ್ಟಿ ಇಳಿಸಿದರು. ಸೌಟು ಇದ್ದವರಿಗೂ ಸೌಟು ಮಾರುವವಳು ನಾನು, ಬರೀ ತೊಟ್ಟಿಲ ಹಗ್ಗ ಹಿಡಿದು ನಿಂತೆ. ಗುಂಪಿನಲ್ಲಿದ್ದ ಒಬ್ಬಾಕೆ, ನಾನು ಹೆಸರೂ ಕೇಳದವಳು, ಹಗ್ಗ ದಾಟಿ ಬಂದು ತೊಟ್ಟಿಲಿನ ಆಚೆ ಬದಿ ಹಿಡಿದುಕೊಂಡು, “ಹಾಕವಾ ತಂಗಿ. ಈ ಕಡೆ ನಾ ಹಿಡದೇನಿ, ಎಲ್ಲೀಗೂ ಹೋಗಂಗಿಲ್ಲದು” ಎಂದಳು. ರೇಷ್ಮಾಬಿ ಬಾಗಿದಳು. ಕೂಸು ಇಳಿಯಿತು. ಅದರ ಕತ್ತಿನ ಕೆಳಗಿದ್ದ ಅವಳ ಕೈ ಮಾತ್ರ ಬಹಳ ಹೊತ್ತು ಅಲ್ಲೇ ಇತ್ತು. ಯಾರೂ ಅವಸರ ಮಾಡಲಿಲ್ಲ. ಸಂತೆಗೆ ಬಂದವರು, ಹೊತ್ತಾಗುತ್ತಿತ್ತು, ಆದರೂ ಮಾಡಲಿಲ್ಲ. ಕೊನೆಗೆ ಕೈ ಈಚೆ ಬಂತು.

ಅಮೀರಬಿ ಕಿವಿಯಲ್ಲಿ ಹೆಸರು ಹೇಳಿದಳು. ದಾವಲಸಾಬ. ದುಮ್ಮವಾಡದವರು ತಮ್ಮ ತಮ್ಮ ಬುಟ್ಟಿಯಿಂದ ಬೆಲ್ಲ, ಶೇಂಗಾ, ಒಂದೊಂದು ಹಿಡಿ ಜೋಳ ತೆಗೆದು ರೇಷ್ಮಾಬಿಯ ಉಡಿಗೆ ಹಾಕಿದರು. ಒಬ್ಬಳು ತೂಗಿದಳು, ಮತ್ತೊಬ್ಬಳು ಗೋಡೆಯ ತ್ರಿಕೋನ ನೋಡಿ ಏನೋ ಅಂದಳು, ಎಲ್ಲರೂ ಬಿದ್ದು ಬಿದ್ದು ನಕ್ಕರು. ಏನಂದಳು ಎಂದು ನಿನಗೆ ಬರೆಯುವುದಿಲ್ಲ, ನೀನು ಕಾರ್ಯದರ್ಶಿ. ಈ ಕಟ್ಟಡದಲ್ಲಿ ಹೆಂಗಸರು ಮೊದಲ ಬಾರಿ ನಕ್ಕದ್ದು ಇವತ್ತು.

ಅವರು ಹೋದ ಮೇಲೆ ರೇಷ್ಮಾಬಿ ತೊಟ್ಟಿಲಿನ ಕೆಳಗೆ ಬರೀ ನೆಲದ ಮೇಲೆ ಕೂತಳು. ಕೂತವಳು ಹಾಗೇ ಒರಗಿದಳು. ಈಗ ಮಲಗಿದ್ದಾಳೆ. ಬಾಯಿ ತೆರೆದು, ಕೈಕಾಲು ಚೆಲ್ಲಿ, ಗಂಡಸರಂತೆ ಗೊರಕೆ ಹೊಡೆಯುತ್ತ. ಅವಳನ್ನು ಈ ಭಂಗಿಯಲ್ಲಿ ನೋಡಿ ಅಮೀರಬಿ ಆ ಮೂಲೆಯಲ್ಲಿ ದೋಣಿಗೆ ಆನಿಕೊಂಡು ಸುಮ್ಮನೆ ಅಳುತ್ತಿದ್ದಾಳೆ. ಸಂತೆಯ ಮಂದಿ ಒಳಗೆ ಬರುತ್ತಾರೆ, ನೋಡುತ್ತಾರೆ, ಚಪ್ಪಲಿ ಕೈಯಲ್ಲಿ ಹಿಡಿದು ಸುತ್ತು ಹಾಕಿ ಹೋಗುತ್ತಾರೆ. ಹೊಳಬಸಪ್ಪ ಚಹಾ ಮುಗಿಸಿ ಬಂದವನು ತನ್ನ ಟವೆಲ್ಲನ್ನು ಕಿಟಕಿಗೆ ಕಟ್ಟಿ ಅವಳ ಮುಖದ ಮೇಲಿನ ಬಿಸಿಲು ತಪ್ಪಿಸಿದ. ನಾನು ನಿನ್ನ ಮೇಜಿಗೆ ಬಂದು ಇದನ್ನು ಬರೆಯಲು ಕುಳಿತೆ.

ನೀನು ಬರುವ ಹೊತ್ತಿಗೆ ಅವಳು ಎದ್ದಿರದಿದ್ದರೆ ಎಬ್ಬಿಸಬೇಡ. ಬೀಗ ಹಾಕಬೇಕಾದರೆ ನಮ್ಮನ್ನು ಒಳಗೇ ಇಟ್ಟು ಹಾಕಿಕೊಂಡು ಹೋಗು. ಅವಳು ತಾನಾಗಿ ಎದ್ದ ಮೇಲೆ ತೊಟ್ಟಿಲು ಮಶಾಕಸಾಬನ ಕೈಗಾಡಿಯ ಮೇಲೆ ಅವರ ಮನೆಗೆ ಹೋಗುತ್ತದೆ. ಕೂಸು ಬೆಳೆದು ಇಳಿದ ಮೇಲೆ ದುಮ್ಮವಾಡಕ್ಕೆ ಹೋಗುತ್ತದೆ. ಆಚೆ ಬದಿ ಹಿಡಿದು ನಿಂತ ಆ ಹೆಣ್ಣುಮಗಳು ಹೋಗುವ ಮುಂದೆ ತನ್ನ ಮಗಳ ಕುಬಸ ಆಗಿದೆ ಎಂದು ನನ್ನ ಹತ್ತಿರ ಹೇಳಿಟ್ಟು ಹೋಗಿದ್ದಾಳೆ. ಆಮೇಲಿನದು ಆಮೇಲೆ. ನಾನು ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ಪೊಲೀಸರಿಗೆ ಹೇಳುವುದಿದ್ದರೆ ಹೇಳು, ಅಂಗಡಿ ಬೆಳಿಗ್ಗೆಯಿಂದ ತೆರೆದೇ ಇರುತ್ತದೆ. ಸಾಹೇಬರು ಮತ್ತೆ ನೋಡಲು ಬಂದು ತೊಟ್ಟಿಲು ಎಲ್ಲಿ ಎಂದು ಕೇಳಿದರೆ, ಕೆಲಸಕ್ಕೆ ಹೋಗಿದೆ ಎಂದು ಹೇಳು.

ಪಂಚಮಿಗೆ ನನ್ನನ್ನು ತವರಿಗೆ ಕರೆಯಲು ಬರಬೇಡ. ಅವ್ವ ಇಲ್ಲದ ಮೊದಲ ಪಂಚಮಿ ಎಂದು ಗೊತ್ತು, ನನಗೂ ಅದು ಸಲೀಸಲ್ಲ. ಕರೆಯಲೇಬೇಕು ಅನಿಸಿದರೆ ಮೊದಲು ಅಮೀರಬಿಯ ಬಾಗಿಲಿಗೆ ಹೋಗು. ಹಗಲು ಹೊತ್ತಿನಲ್ಲಿ, ಓಣಿಯ ಮಂದಿ ಕಟ್ಟೆಯ ಮೇಲೆ ಕೂತಿರುವಾಗ. ಅಲ್ಲಿ ನೀನು ಏನು ಹೇಳುತ್ತೀಯೋ ನನಗೆ ಬೇಕಾಗಿಲ್ಲ, ದನಿ ಇಳಿಸದೆ ಹೇಳು. ಅಲ್ಲಿಯವರೆಗೆ ನನ್ನ ಅಂಗಡಿಯ ಕಟ್ಟೆ ನಿನ್ನದಲ್ಲ.

ತೊಟ್ಟಿಲಿನಲ್ಲಿ ಕಾಲು ಬಡಿಯುವ ಸಪ್ಪಳ ಕೇಳುತ್ತಿದೆ, ಕೂಸು ಎದ್ದಿತು. ಅದು ಅತ್ತರೆ ತಾಯಿಗೆ ಎಚ್ಚರವಾಗುತ್ತದೆ. ನಾನು ಹೋಗಿ ತೂಗಬೇಕು.

ದಾವಲಸಾಬನಿಗೆ ನೂರು ವರ್ಷ ಆಯುಷ್ಯ ಇರಲಿ, ಅವನ ತಾಯಿಗೆ ಕಣ್ತುಂಬ ನಿದ್ದೆ ಸಿಗಲಿ. ನಿನ್ನ ಪಾಲಿನ ಆಶೀರ್ವಾದ ಸದ್ಯ ನನ್ನ ಹತ್ತಿರವೇ ಇರುತ್ತದೆ.

ಇಂತಿ, ಅನ್ನವ್ವನ ಮಗಳು
ರೇವವ್ವ